ಡೀಸೆಲ್ ಗಾಡಿ ಮೈಲೇಜ್ ಕೊಡುತ್ತೆ ಅಂತ ಯಾರು ಹೇಳಿದ್ದು?

ಮೊನ್ನೆ ಬಂಕಿನಲ್ಲಿ ಸ್ಕೂಟರಿಗೆ ಇನ್ನೂರು ರೂಪಾಯಿ ಪೆಟ್ರೋಲ್ ಹಾಕಿಸೋಕೆ ನಿಂತಿದ್ದೆ. ಪಕ್ಕದ ಪಂಪಿನಲ್ಲಿ ನಮ್ಮ ಚಿಕ್ಕಪ್ಪನ ಮಗನ ಬಿಳಿ ಗಾಡಿ. ದೊಡ್ಡ ಡೀಸೆಲ್ ಗಾಡಿ, ಹತ್ತಬೇಕಾದರೆ ಮೆಟ್ಟಿಲು ಬೇಕು. ಪಂಪಿನ ಮೀಟರು ನಾಲ್ಕು ಸಾವಿರ ದಾಟಿ ಐದರ ಕಡೆಗೆ ಓಡುತ್ತಿತ್ತು.

"ಎಷ್ಟು ಕೊಡ್ತದೋ ಮೈಲೇಜು?" ಅಂತ ಕೇಳಿದೆ.

"ಹದಿನಾಲ್ಕು ಕೊಡ್ತದೆ ಕಣಕ್ಕ. ಡೀಸೆಲ್ ಗಾಡಿ ಅಲ್ವಾ."

"ಲೆಕ್ಕ ಹಾಕಿದ್ದೀಯಾ?"

"ಶೋರೂಮಲ್ಲೇ ಹೇಳವ್ರೆ" ಅಂದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಯಜಮಾನರೊಬ್ಬರು, "ಗಾಡಿ ವಿಷ್ಯ ನಿಂಗ್ಯಾಕವ್ವಾ" ಅಂದರು. ಅದಕ್ಕೇ ಈ ಬರಹ.

"ಡೀಸೆಲ್ ಅಂದ್ರೆ ಉಳಿತಾಯ" ಅನ್ನೋ ಮಾತು ನಮ್ಮ ಮಂಡ್ಯ ಕಡೆಯ ಹಳ್ಳಿಗಳಲ್ಲಿ ಗಾದೆಯ ಹಾಗೆ ಓಡಾಡುತ್ತಿದೆ. ಹೆದ್ದಾರಿಗೆ ಜಮೀನು ಹೋಗಿ ಪರಿಹಾರ ಬಂದವರು, ಸೈಟು ಮಾಡಿ ಮಾರಿದವರು, ಏನೂ ಮಾರದೆ ಬರೀ ಸಾಲ ಮಾಡಿದವರು, ಎಲ್ಲರೂ ಎರಡು ಟನ್ ತೂಕದ ಗಾಡಿ ಕೊಂಡ ಮೇಲೆ ಇದೇ ಮಾತು ಹೇಳಿ ಮನಸ್ಸಿಗೆ ಸಮಾಧಾನ ತಂದುಕೊಳ್ಳುತ್ತಾರೆ. ಈ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಈಗ ಸುಳ್ಳು. ದೊಡ್ಡ ಗಾಡಿಗಳ ವಿಷಯದಲ್ಲಂತೂ ಅದು ಪೂರ್ತಿ ನಿಜವಾಗಿದ್ದದ್ದು ಯಾವತ್ತೂ ಇಲ್ಲ.

ಮೊದಲು ಡೀಸೆಲ್ಲಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸಿಬಿಡೋಣ. ಡೀಸೆಲ್ ಎಂಜಿನ್ ಒಳ್ಳೆಯ ಎಂಜಿನ್. ಗಾಳಿಯನ್ನು ಜೋರಾಗಿ ಒತ್ತಿ, ಆ ಬಿಸಿಯಲ್ಲೇ ಎಣ್ಣೆ ಉರಿಸುತ್ತದೆ. ಒಂದು ಲೀಟರ್ ಡೀಸೆಲ್ಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ನೂರಕ್ಕೆ ಹತ್ತು ಹದಿನೈದರಷ್ಟು ಹೆಚ್ಚು ಶಕ್ತಿ ಇದೆ. ಟ್ರ್ಯಾಕ್ಟರು, ಲಾರಿ, ಬಸ್ಸು ಅದನ್ನು ನಂಬಿರುವುದು ಸುಮ್ಮನೆ ಅಲ್ಲ.

ಆದರೆ ಡೀಸೆಲ್ಲಿಗೆ "ಮೈಲೇಜ್ ಕೊಡುತ್ತೆ" ಅನ್ನೋ ಹೆಸರು ತಂದುಕೊಟ್ಟ ಕಾರು ಯಾವುದು ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಸ್ವಿಫ್ಟ್ ಡಿಸೈರ್ ಥರದ ಚಿಕ್ಕ ಕಾರುಗಳು. ಅದರ ಡೀಸೆಲ್ ಎಂಜಿನ್ ಬರೀ 1248 ಸಿಸಿ. ಕಂಪನಿ ಹೇಳಿದ ಮೈಲೇಜು 26ಕ್ಕೂ ಮೇಲೆ. ಟ್ಯಾಕ್ಸಿ ಓಡಿಸುವ ನಮ್ಮ ಹುಡುಗರು ಎಸಿ ಹಾಕಿಕೊಂಡೇ 20 ತೆಗೆಯುತ್ತಿದ್ದರು. ಆ ಡೀಸೆಲ್ ಕಾರನ್ನು ಮಾರುತಿ ಕಂಪನಿ 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ನಿಲ್ಲಿಸಿತು. ಚಿಕ್ಕ ಕಾರು ದುಡಿದಿಟ್ಟ ಒಳ್ಳೇ ಹೆಸರನ್ನು ಈಗ ಕೂತು ತಿನ್ನುತ್ತಿರುವುದು ದೊಡ್ಡ ಗಾಡಿ.

ಎಣ್ಣೆ ಅದೇ ಆದರೂ ಗಾಡಿ ಬೇರೆ. ಆಲ್ಟೊ ಕೆ10 ತೂಕ ಸುಮಾರು ಮುಕ್ಕಾಲು ಟನ್. ಫಾರ್ಚುನರ್ ಎರಡು ಟನ್ನಿಗೂ ಮೇಲೆ. ಒಬ್ಬ ಮನುಷ್ಯ ಹಾಲಿನ ಡೇರಿ ತನಕ ಹೋಗಿ ಬರಲು ಒಂದರಲ್ಲಿ ಏಳೂವರೆ ಕ್ವಿಂಟಲ್ ಕಬ್ಬಿಣ ಎಳೆಯಬೇಕು, ಇನ್ನೊಂದರಲ್ಲಿ ಇಪ್ಪತ್ತು ಕ್ವಿಂಟಲ್. ಹತ್ತು ಕ್ವಿಂಟಲ್ ಕಬ್ಬು ತುಂಬಿದ ಗಾಡಿಗೂ ಇಪ್ಪತ್ತು ತುಂಬಿದ ಗಾಡಿಗೂ ಎತ್ತಿಗೆ ಏನು ವ್ಯತ್ಯಾಸ ಅಂತ ನಮ್ಮವರಿಗೆ ಹೇಳಿಕೊಡಬೇಕಾ? ಹಂಪ್ ಬಂದಾಗಲೆಲ್ಲ ಬ್ರೇಕ್ ಹಾಕಿ ಮತ್ತೆ ಆ ಎರಡು ಟನ್ನನ್ನು ನಿಂತಲ್ಲಿಂದ ಎಬ್ಬಿಸಬೇಕು. ನಮ್ಮೂರಿನಿಂದ ಮದ್ದೂರಿಗೆ ಹೋಗುವಷ್ಟರಲ್ಲಿ ನಾನು ಎಣಿಸಿದ ಹಂಪುಗಳು ಹದಿನೇಳು.

ಹೆದ್ದಾರಿಗೆ ಹತ್ತಿದ ಮೇಲೆ ಗಾಳಿಯ ಕಾಟ. ಎತ್ತರದ, ಅಗಲವಾದ, ಮುಂದೆ ಗೋಡೆಯ ಹಾಗೆ ನಿಂತ ಗಾಡಿಗೆ ಗಾಳಿ ಹೆಚ್ಚು ಅಡ್ಡ ಬರುತ್ತದೆ. ವೇಗ ಏರಿದಂತೆ ಅದು ವರ್ಗದ ಲೆಕ್ಕದಲ್ಲಿ ಏರುತ್ತದೆ. 60ರಲ್ಲಿ ಹೋಗುವಾಗ ಇರುವ ಗಾಳಿಯ ತಡೆ 100ರಲ್ಲಿ ಹೋಗುವಾಗ ಎರಡೂ ಮುಕ್ಕಾಲು ಪಟ್ಟು. ಬೆಂಗಳೂರು-ಮೈಸೂರು ದಶಪಥದಲ್ಲಿ ನಮ್ಮ ಹುಡುಗರು ಯಾವ ವೇಗದಲ್ಲಿ ಹೋಗುತ್ತಾರೆ ಅಂತ ನಾನು ಇಲ್ಲಿ ಬರೆಯುವುದಿಲ್ಲ, ಪೊಲೀಸರ ಕ್ಯಾಮೆರಾಗಳಿಗೆ ಗೊತ್ತಿದೆ. (ಆ ರಸ್ತೆಗೆ ಜಮೀನು ಕೊಟ್ಟ ರೈತನ ಟ್ರ್ಯಾಕ್ಟರಿಗೆ 2023ರ ಆಗಸ್ಟ್‌ನಿಂದ ಅಲ್ಲಿ ಪ್ರವೇಶವೇ ಇಲ್ಲ. ಅದು ಬೇರೆ ಸಂಕಟ.)

ಹಾಗಾದರೆ ಶೋರೂಮಿನ ಹದಿನಾಲ್ಕು ಎಲ್ಲಿಂದ ಬಂತು? ಅದು ಸುಳ್ಳಲ್ಲ, ರಸ್ತೆಯದ್ದೂ ಅಲ್ಲ. ಕಾರನ್ನು ಪ್ರಯೋಗಶಾಲೆಯಲ್ಲಿ ರೋಲರ್ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ಒಂದೇ ಕ್ರಮದಲ್ಲಿ ಓಡಿಸಿ ಅಳೆದ ಅಂಕಿ. ಎಸಿ ಬಂದ್. ಅತಿ ಹೆಚ್ಚು ಅಂದರೆ ಗಂಟೆಗೆ 90 ಕಿ.ಮೀ. ವೇಗ. ಹಂಪಿಲ್ಲ, ಗುಂಡಿಯಿಲ್ಲ, ಎದುರಿಗೆ ಕುರಿ ಮಂದೆ ಇಲ್ಲ. ಚಿಕ್ಕ ಕಾರಿನ 24ನ್ನೂ ಹೀಗೇ ಅಳೆದಿರುತ್ತಾರೆ, ಅದೂ ರಸ್ತೆಗೆ ಬಂದರೆ ಇಳಿಯುತ್ತದೆ. ಹಾಗಾಗಿ ನಾನು ಎರಡಕ್ಕೂ ಕಡಿತ ಮಾಡಿಯೇ ಲೆಕ್ಕ ಹಾಕುತ್ತೇನೆ: ದೊಡ್ಡ ಡೀಸೆಲ್ ಗಾಡಿಗೆ ಲೀಟರಿಗೆ 10, ಚಿಕ್ಕ ಪೆಟ್ರೋಲ್ ಕಾರಿಗೆ 20. ನಿಮ್ಮ ಗಾಡಿ ಹನ್ನೊಂದು ಕೊಟ್ಟರೆ ಹನ್ನೊಂದೇ ಇಟ್ಟುಕೊಳ್ಳಿ, ಜಗಳ ಬೇಡ.

ತಿಂಗಳಿಗೆ ಸಾವಿರ ಕಿ.ಮೀ. ಅಂದರೆ ವರ್ಷಕ್ಕೆ 12,000. ದೊಡ್ಡ ಗಾಡಿ 1,200 ಲೀಟರ್ ಕುಡಿಯುತ್ತದೆ, ಚಿಕ್ಕದು 600. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು 18.44ರಿಂದ 21.17 ಪರ್ಸೆಂಟಿಗೆ ಏರಿಸಿದ ಮೇಲೆ ಬೆಂಗಳೂರಿನಲ್ಲಿ ಡೀಸೆಲ್ ಲೀಟರಿಗೆ 91 ರೂಪಾಯಿ ಆಯಿತು, ಪೆಟ್ರೋಲ್ ಹತ್ತಿರ ಹತ್ತಿರ 103. ಆ ದರದಲ್ಲೇ ಹಾಕಿ. ದೊಡ್ಡದಕ್ಕೆ 1,09,200 ರೂಪಾಯಿ. ಚಿಕ್ಕದಕ್ಕೆ 61,800. ವ್ಯತ್ಯಾಸ 47,400.

ಈ 47,400 ಅಂದರೆ ಏನು? ಡೇರಿಯಲ್ಲಿ ಹಾಲಿಗೆ ಲೀಟರಿಗೆ 35 ರೂಪಾಯಿ ಸಿಕ್ಕಿತು ಅಂತ ಇಟ್ಟುಕೊಳ್ಳಿ. ಸಾವಿರದ ಮುನ್ನೂರೈವತ್ತು ಲೀಟರ್ ಹಾಲು. ದಿನಕ್ಕೆ ಹತ್ತು ಲೀಟರ್ ಕರೆಯುವ ಹಸು ನಾಲ್ಕೂವರೆ ತಿಂಗಳು ಕೊಟ್ಟ ಹಾಲು. ಅದರಲ್ಲಿ ಬೂಸಾ, ಹಿಂಡಿ, ಹುಲ್ಲಿನ ಖರ್ಚು ಕಳೆದಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು ನಮ್ಮ ಚಿಕ್ಕಮ್ಮ ಕರೆಯುವ ಹಾಲು ಅದು. ಗಾಡಿಯ ಸ್ಟೇರಿಂಗ್ ಅವಳು ಮುಟ್ಟಿಲ್ಲ.

ಇದು ಬರೀ ಎಣ್ಣೆ ಲೆಕ್ಕ. 20 ಲಕ್ಷ ಸಾಲ ಏಳು ವರ್ಷಕ್ಕೆ ಒಂಬತ್ತೂವರೆ ಬಡ್ಡಿಯಲ್ಲಿ ತೆಗೆದರೆ ತಿಂಗಳ ಕಂತು 32 ಸಾವಿರದ ಮೇಲೆ. ಟೈರು, ಇನ್ಶೂರೆನ್ಸು, ಸರ್ವೀಸು ನೀವೇ ಸೇರಿಸಿಕೊಳ್ಳಿ.

"ಡೀಸೆಲ್ ಅಗ್ಗ ಅಲ್ವಾ" ಅನ್ನುವವರಿಗೆ ಒಂದು ಹಳೇ ವಿಷಯ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41ರ ಆಸುಪಾಸಿನಲ್ಲಿತ್ತು. ಮೂವತ್ತೆರಡು ರೂಪಾಯಿ ಅಂತರ! ಯಾಕೆ? ಸರ್ಕಾರ ರೈತರ ಹೆಸರಿನಲ್ಲಿ, ಲಾರಿ ಬಸ್ಸಿನ ಹೆಸರಿನಲ್ಲಿ ಡೀಸೆಲ್ ದರ ಹಿಡಿದಿಟ್ಟಿತ್ತು. ಆ ರಿಯಾಯಿತಿಯನ್ನು ದೊಡ್ಡ ಗಾಡಿಯವರೂ ಹೊಟ್ಟೆ ತುಂಬ ಕುಡಿದರು. ಡೀಸೆಲ್ ಕಾರುಗಳ ಮೇಲೆ ಹೆಚ್ಚುವರಿ ಸುಂಕ ಹಾಕಿ ಅಂತ ಕಿರೀಟ್ ಪಾರಿಖ್ ಸಮಿತಿ 2010ರಲ್ಲೇ ಹೇಳಿತ್ತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರವನ್ನು ಮಾರುಕಟ್ಟೆಗೆ ಬಿಟ್ಟರು. ರೈತನ ರಿಯಾಯಿತಿ ಹೋಯಿತು, "ಡೀಸೆಲ್ ಅಗ್ಗ" ಅನ್ನೋ ಮಾತು ಮಾತ್ರ ಉಳಿಯಿತು. ಈಗಿನ ಅಂತರ ಹನ್ನೆರಡು ರೂಪಾಯಿ. ಅರ್ಧಕ್ಕರ್ಧ ಮೈಲೇಜು ಕಳೆದುಕೊಂಡು ಹನ್ನೆರಡು ರೂಪಾಯಿ ಉಳಿಸುವುದು ಯಾವ ಲಾಭ?

ಇನ್ನು "ಮನೇಲಿ ಏಳು ಜನ ಇದೀವಿ" ಅನ್ನುವ ವಾದ. ಸರಿ, ಏಳು ಜನರನ್ನೂ ಕೂರಿಸಿ. ಲೀಟರಿಗೆ 10 ಕಿ.ಮೀ., ಏಳು ಜನ, ಅಂದರೆ ತಲೆ ಲೆಕ್ಕದಲ್ಲಿ 70. ಚಿಕ್ಕ ಕಾರಿನಲ್ಲಿ ನಾಲ್ಕೇ ಜನ ಕೂತರೂ 80. ತುಂಬಿದ ಮೇಲೂ ಸೋಲುತ್ತದೆ. ನಮ್ಮ ಕೆಂಪು ಬಸ್ಸು ಲೀಟರಿಗೆ ಸುಮಾರು ಐದೇ ಕಿ.ಮೀ. ಹೋಗುತ್ತದೆ, ಆದರೆ ಐವತ್ತು ಜನ ಕೂತರೆ 250. ಏಳು ಸೀಟು ಬೇಕೇ ಬೇಕು ಅಂದರೆ ಎರ್ಟಿಗಾ ಪೆಟ್ರೋಲಿಗೆ ಕಂಪನಿ ಹೇಳುವುದು 20ರ ಮೇಲೆ. ಮತ್ತೆ, ಆ ಏಳು ಜನ ಕೂರುವುದು ವರ್ಷಕ್ಕೆ ಎರಡು ಸಲ: ಒಮ್ಮೆ ಮಾದಪ್ಪನ ಬೆಟ್ಟಕ್ಕೆ, ಒಮ್ಮೆ ಮದುವೆಗೆ. ಮಿಕ್ಕ ದಿನ ಒಬ್ಬ.

"ಫೋರ್ ವೀಲ್ ಡ್ರೈವ್ ಕಣಕ್ಕ, ಹೊಲಕ್ಕೂ ಇಳೀತದೆ" ಅಂತ ನಮ್ಮ ಹುಡುಗ ಹೇಳಿದ್ದ. ಹಿಂದಿನ ಮಳೆಗಾಲದಲ್ಲಿ ಕಬ್ಬಿನ ಗದ್ದೆಯ ಬದಿಗೆ ಇಳಿಸಿದ. ಹಿಂದಿನ ಎರಡು ಚಕ್ರ ಗಿರಗಿರ ತಿರುಗಿ ಕೆಸರು ಎರಚಿದವು, ಮುಂದಿನ ಎರಡು ಕಲ್ಲಿನ ಹಾಗೆ ಸುಮ್ಮನಿದ್ದವು. ಆಗ ಗೊತ್ತಾಯಿತು, ಅವನು ಕೊಂಡಿದ್ದು ಟೂ ವೀಲ್ ಡ್ರೈವ್ ಮಾಡೆಲ್ಲು! ಇಂಥ ದೊಡ್ಡ ಗಾಡಿಗಳಲ್ಲಿ ಹೊರಗಿನಿಂದ ನೋಡಿದರೆ ಎರಡೂ ಹೆಚ್ಚೂಕಮ್ಮಿ ಒಂದೇ ಥರ ಇರುತ್ತವೆ. ಎಳೆದು ಹಾಕಿದ್ದು ಪಕ್ಕದ ಹೊಲದವರ ಟ್ರ್ಯಾಕ್ಟರು, ಅದೂ ಟೂ ವೀಲ್ ಡ್ರೈವೇ. ಇನ್ನು ನಿಜವಾದ ಫೋರ್ ವೀಲ್ ಡ್ರೈವ್ ಕೊಂಡಿದ್ದರೆ ಎಣ್ಣೆ ಖರ್ಚು ಇನ್ನೂ ಹೆಚ್ಚು. ಮುಂದಿನ ಚಕ್ರಕ್ಕೆ ಶಕ್ತಿ ಕೊಡುವ ಇನ್ನೊಂದು ಡಿಫರೆನ್ಷಿಯಲ್ಲು, ಶಾಫ್ಟು, ಟ್ರಾನ್ಸ್‌ಫರ್ ಕೇಸು, ಇಷ್ಟನ್ನೂ ಬಳಸದ ದಿನವೂ ಹೊತ್ತುಕೊಂಡು ತಿರುಗಬೇಕು.

ಬೇಕಾದವರಿಗೆ ಬೇಕು, ಇಲ್ಲ ಅನ್ನಲ್ಲ. ಸಕಲೇಶಪುರ, ಮಡಿಕೇರಿ ಕಡೆ ಜುಲೈ ಮಳೆಯಲ್ಲಿ ಎಸ್ಟೇಟಿಗೆ ಹೋಗುವವರಿಗೆ ನಾಲ್ಕು ಚಕ್ರವೂ ತಿರುಗುವ ಜೀಪು ಜೀವ ಉಳಿಸುವ ಸಾಮಾನು. ಅವರು ಅದನ್ನು ಕೆಸರಿನಲ್ಲೇ ಇಟ್ಟಿರುತ್ತಾರೆ, ಫೋಮ್ ಹಾಕಿ ತೊಳೆದು ರೀಲ್ಸ್ ಮಾಡಲ್ಲ. ನಾನು ಜಗಳ ತೆಗೆದಿರುವುದು ಡಾಂಬರು ರಸ್ತೆಯಲ್ಲಿ ಡೇರಿಗೂ ಡಾಬಾಗೂ ಹೋಗುವ ಗಾಡಿಗಳ ಜೊತೆ.

ಆ ಡೇರಿ ಸವಾರಿಯೇ ಹೊಸ ಡೀಸೆಲ್ ಗಾಡಿಗೆ ವಿಷ. ಬಿಎಸ್-6 ಡೀಸೆಲ್ ಗಾಡಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರೆ. ಮಸಿ ತುಂಬಿದಾಗ ಅದನ್ನು ಸುಟ್ಟು ಖಾಲಿ ಮಾಡಲು ಗಾಡಿ ಒಂದಷ್ಟು ಹೊತ್ತು ಒಂದೇ ವೇಗದಲ್ಲಿ, ಬಿಸಿಯಾಗಿ ಓಡಬೇಕು, ಅದಕ್ಕೆ ಎಣ್ಣೆಯೂ ಹೆಚ್ಚು ಖರ್ಚಾಗುತ್ತದೆ. ದಿನಾ ಮೂರು ಕಿ.ಮೀ. ಹೋಗಿ ಆಫ್ ಮಾಡಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ದೀಪ ಹತ್ತುತ್ತದೆ. ನಮ್ಮ ಹುಡುಗ ಆ ದೀಪ ಆರಿಸಲು ವಾರಕ್ಕೊಮ್ಮೆ ಸುಮ್ಮಸುಮ್ಮನೆ ಚನ್ನಪಟ್ಟಣದ ತನಕ ಹೋಗಿ ಬರುತ್ತಾನೆ. ಇದನ್ನು ಶೋರೂಮಿನಲ್ಲಿ ಯಾರೂ ಹೇಳಲಿಲ್ಲವಂತೆ.

ಸರ್ಕಾರದ ಮೇಲೂ ಸಿಟ್ಟಿದೆ ನನಗೆ. ಫ್ಯಾನಿಗೆ, ಫ್ರಿಜ್ಜಿಗೆ, ಪಂಪ್‌ಸೆಟ್ಟಿಗೆ ಎಷ್ಟು ಕರೆಂಟು ತಿನ್ನುತ್ತದೆ ಅಂತ ತಿಳಿಸುವ ಸ್ಟಾರ್ ಚೀಟಿ ಇದೆ. ಕಾರಿನ ಜಾಹೀರಾತಿನಲ್ಲಿ ಕಾಣುವ ಐದು ಸ್ಟಾರ್ ಅಪಘಾತ ಸುರಕ್ಷತೆಯದು, ಮೈಲೇಜಿನದಲ್ಲ. ಕಂಪನಿಗಳು ಒಟ್ಟಾರೆ ಎಷ್ಟು ಇಂಧನ ಸುಡುವ ಕಾರು ಮಾರಬಹುದು ಅನ್ನೋದಕ್ಕೆ 2017ರಿಂದ ಕೆಫೆ ಅನ್ನೋ ನಿಯಮವಿದೆ. ಅದರ ಲೆಕ್ಕವನ್ನು ತೂಕದ ಮೇಲೆ ಕಟ್ಟಿದ್ದಾರೆ: ಕಂಪನಿ ಮಾರುವ ಕಾರುಗಳು ಸರಾಸರಿಯಲ್ಲಿ ಭಾರವಾದಷ್ಟೂ ಹೆಚ್ಚು ಸುಡಲು ಅನುಮತಿ. ದಪ್ಪಗಿದ್ದವನಿಗೆ ಎರಡು ತಟ್ಟೆ ಊಟ ಅಂದ ಹಾಗಾಯಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಸಿದಾಗ ಚಿಕ್ಕ ಕಾರಿಗೆ 18 ಪರ್ಸೆಂಟ್ ಮಾಡಿದರು, ಒಳ್ಳೆಯದು. ಆದರೆ ಸೆಸ್ಸೂ ಸೇರಿ 50 ಇದ್ದ ದೊಡ್ಡ ಗಾಡಿಯ ತೆರಿಗೆಯನ್ನೂ 40ಕ್ಕೆ ಇಳಿಸಿದರು. ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನಿಂದ ತರುತ್ತೇವೆ. ಹಾಗಿರುವಾಗ ಹೆಚ್ಚು ಕುಡಿಯುವ ಗಾಡಿಗೆ ರಿಯಾಯಿತಿ ಯಾವ ಸೀಮೆ ನ್ಯಾಯ?

ಇಷ್ಟೆಲ್ಲ ಬರೆದು ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿ ಕೊನೆಗೆ ಒಂದು ಮಾತು ಹೇಳಿದರು: "ಗಾಡಿ ಇಲ್ದಿದ್ರೆ ಹೆಣ್ ಕೊಡ್ತಾರೇನವ್ವಾ?"

ಅದಕ್ಕೆ ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಅವನಿಗೆ ಈಗ ಮೂವತ್ತನಾಲ್ಕು. ರೈತರ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಅಂತ ನಮ್ಮ ಕಡೆಯ ಹುಡುಗರು 2023ರಲ್ಲಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದು ರಾಜ್ಯಕ್ಕೆಲ್ಲ ಸುದ್ದಿಯಾಯಿತು, ಎಷ್ಟೋ ಜನ ನಕ್ಕರು. ಹೆಣ್ಣಿನ ಕಡೆಯವರು ಬಂದಾಗ ಹೊಲ ತೋರಿಸಿದರೆ ಮುಖ ತಿರುಗಿಸುತ್ತಾರೆ, ಅಂಗಳದಲ್ಲಿ ಬಿಳಿ ಗಾಡಿ ನಿಂತಿದ್ದರೆ ಕಾಫಿ ಕುಡಿಯುವ ತನಕವಾದರೂ ಕೂರುತ್ತಾರೆ. ಗಾಡಿ ಬಂದು ಎರಡು ವರ್ಷವಾಯಿತು. ಮೂರು ಕಡೆಯವರು ಬಂದು ಹೋದರು. ಒಬ್ಬರು ಗಾಡಿಯ ಮೇಲೆ ಸಾಲ ಎಷ್ಟಿದೆ ಅಂತ ಕೇಳಿಕೊಂಡೇ ಹೋದರು. ಮಗಳ ತಂದೆ, ಕೇಳಬೇಕಾದ್ದನ್ನೇ ಕೇಳಿದರು.

ಅವನಿಗೆ ಗಾಡಿ ಮಾರು ಅಂತ ಹೇಳಲಿಲ್ಲ. ಒಂದು ಸಲ ಅಳೆದು ನೋಡು ಅಂದೆ ಅಷ್ಟೆ. ಟ್ಯಾಂಕು ಪಂಪು ತಾನಾಗಿ ಕಟ್ ಆಗುವ ತನಕ ತುಂಬಿಸು, ಟ್ರಿಪ್ ಮೀಟರ್ ಸೊನ್ನೆ ಮಾಡು, ಯಾವಾಗಲೂ ಓಡಿಸುವ ಹಾಗೆಯೇ ನಾನ್ನೂರು ಕಿ.ಮೀ. ಓಡಿಸು, ಅದೇ ಬಂಕಿನಲ್ಲಿ ಮತ್ತೆ ಕಟ್ ಆಗುವ ತನಕ ತುಂಬಿಸು. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಾಕಿದ ಲೀಟರಿನಿಂದ ಭಾಗಿಸು. ಗಾಡಿಯ ಸ್ಕ್ರೀನು ಹೇಳುವುದನ್ನು ನಂಬಬೇಡ.

ಹದಿನೈದು ದಿನ ಸುದ್ದಿಯಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿದ.

"ಅಕ್ಕ, 418 ಓಡೈತೆ. ನಲವತ್ಮೂರೂವರೆ ಲೀಟ್ರು ಹಿಡೀತು."

"ಹಂಗಾದ್ರೆ ಎಷ್ಟು ಬಂತು?"

ಸ್ವಲ್ಪ ಹೊತ್ತು ಮಾತಿಲ್ಲ. "ಒಂಬತ್ತು ಪಾಯಿಂಟ್ ಆರು. ಅಕ್ಕ, ಬರೆದ್ರೆ ನನ್ ಹೆಸರು ಹಾಕ್ಬೇಡ."

ಹಾಕಿಲ್ಲ.