ದಂಡವೋ, ಶುಲ್ಕವೋ?

2023ರ ಮಾರ್ಚ್ 3ರ ರಾತ್ರಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದುದನ್ನು ನಿಟ್ಟೆಯ ಫುಟ್ಬಾಲ್ ಪ್ರೇಮಿಗಳು ಇನ್ನೂ ಮರೆತಿಲ್ಲ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಐಎಸ್‌ಎಲ್ ಪ್ಲೇ ಆಫ್ ಪಂದ್ಯವದು. ಹೆಚ್ಚುವರಿ ಅವಧಿಯಲ್ಲಿ ಸಿಕ್ಕ ಫ್ರೀ ಕಿಕ್ಕನ್ನು, ಎದುರಾಳಿಗಳು ತಡೆಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಛೇಟ್ರಿಯವರು ಬಲೆಗೆ ಸೇರಿಸಿದರು. ರೆಫರಿ ಗೋಲೆಂದು ತೀರ್ಪಿತ್ತರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೋವಿಕ್ ತಮ್ಮ ಆಟಗಾರರನ್ನು ಹೊರಗೆ ಕರೆದರು. ತಂಡ ಮತ್ತೆ ಅಂಗಣಕ್ಕೆ ಇಳಿಯಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಶನ್‌ನ ಶಿಸ್ತು ಸಮಿತಿ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು. ಕೋಚ್‌ಗೆ 5 ಲಕ್ಷ ದಂಡ, ಜೊತೆಗೆ 10 ಪಂದ್ಯಗಳ ನಿಷೇಧ.

ಕಾರ್ಕಳ-ಪಡುಬಿದ್ರಿ ರಸ್ತೆ ಬದಿಯ ಹೋಟೆಲೊಂದರಲ್ಲಿ ಈ ಸುದ್ದಿಯ ಚರ್ಚೆ ನಡೆಯುತ್ತಿದ್ದಾಗ, ಕಾಸರಗೋಡಿನಿಂದ ಬಂದು ಇಲ್ಲಿ ಇಂಜಿನಿಯರಿಂಗ್ ಕಲಿಯುತ್ತಿದ್ದ ಯುವಕನೊಬ್ಬ ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಆತ ಬ್ಲಾಸ್ಟರ್ಸ್‌ನ ಕಟ್ಟಾ ಅಭಿಮಾನಿ. ಆದರೂ ಆತ ಹೇಳಿದ: “ನಾಲ್ಕು ಕೋಟಿ ಅವರಿಗೆ ಯಾವ ಲೆಕ್ಕ? ಕೋಚ್ ಹತ್ತು ಮ್ಯಾಚ್ ಹೊರಗೆ ಕೂರಬೇಕಲ್ಲ, ಶಿಕ್ಷೆ ಅಂದ್ರೆ ಅದು.”

ಆ ಮಾತು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಪರಿಸರದಲ್ಲಿ ನಡೆಯುವ ಒಂದು ಸಣ್ಣ ಪಂದ್ಯಾಟ. ಏಳೇಳು ಮಂದಿಯ ತಂಡಗಳು, ಕೊಯ್ಲಾದ ಗದ್ದೆ. ಹೊರ ಊರಿನ ಆಟಗಾರರನ್ನು ಹಣ ಕೊಟ್ಟು ಕರೆತರಬಾರದು, ಕರೆತಂದರೆ 5 ಸಾವಿರ ರೂಪಾಯಿ ದಂಡ ಎಂಬ ನಿಯಮ ಅಲ್ಲಿತ್ತು. ಒಂದು ವರ್ಷ, ಕೊಲ್ಲಿಯಲ್ಲಿ ವ್ಯಾಪಾರ ಮಾಡಿ ಊರಿಗೆ ಮರಳಿದ್ದ ಪೋಷಕರೊಬ್ಬರು ತಮ್ಮ ತಂಡದ ಹೆಸರು ನೋಂದಾಯಿಸುವಾಗ ಒಂದೇ ಲಕೋಟೆಯಲ್ಲಿ ಪ್ರವೇಶ ಶುಲ್ಕವನ್ನೂ ಆ 5 ಸಾವಿರವನ್ನೂ ಇಟ್ಟು ಕೊಟ್ಟರು. ತಪ್ಪು ನಡೆಯುವ ಮೊದಲೇ ದಂಡ ಸಂದಾಯವಾಗಿತ್ತು! ಅದೇ ವರ್ಷ ಹೊರಗಿನ ಒಬ್ಬನೇ ಒಬ್ಬ ಹುಡುಗನನ್ನು ಆಡಿಸಿದ ಇನ್ನೊಂದು ತಂಡ, ದಂಡ ಕಟ್ಟಲಾಗದೆ ಪಂದ್ಯಾಟದಿಂದಲೇ ಹೊರನಡೆಯಿತು. ನಿಯಮ ಒಂದೇ. ಒಬ್ಬರಿಗೆ ಅದು ಶಿಕ್ಷೆಯಾಯಿತು, ಇನ್ನೊಬ್ಬರಿಗೆ ಶುಲ್ಕವಾಯಿತು.

ಜಗತ್ತಿನ ಅತಿ ಶ್ರೀಮಂತ ಫುಟ್ಬಾಲ್ ಲೀಗ್ ಎನಿಸಿರುವ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಇತ್ತೀಚಿನ ವರ್ಷಗಳಲ್ಲಿ ಎದುರಿಸಿದ್ದು ಈ ಲಕೋಟೆಯ ಪ್ರಶ್ನೆಯನ್ನೇ. ಒಂದು ಕ್ಲಬ್ ಮೂರು ವರ್ಷಗಳಲ್ಲಿ ಒಟ್ಟು 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ಮಾಡಿಕೊಳ್ಳುವಂತಿಲ್ಲ ಎಂದು ಅಲ್ಲಿ ನಿಯಮ ಮಾಡಲಾಯಿತು. ಎವರ್ಟನ್ ಕ್ಲಬ್ ಈ ಮಿತಿಯನ್ನು 1.95 ಕೋಟಿ ಪೌಂಡ್‌ಗಳಷ್ಟು ಮೀರಿತು. 2023ರ ಮಾರ್ಚ್‌ನಲ್ಲಿ ಆರೋಪ, ನವೆಂಬರ್‌ನಲ್ಲಿ ತೀರ್ಪು: 10 ಅಂಕ ಕಡಿತ. ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಆದರೆ 2024ರ ಎಪ್ರಿಲ್‌ನಲ್ಲಿ ಇನ್ನೊಂದು ಅವಧಿಯ ಲೆಕ್ಕಕ್ಕಾಗಿ ಮತ್ತೆ 2 ಅಂಕ ಹೋಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ 4 ಅಂಕ ಕಳಕೊಂಡಿತು.

ಇನ್ನೊಂದೆಡೆ ಮ್ಯಾಂಚೆಸ್ಟರ್ ಸಿಟಿ. ಎವರ್ಟನ್‌ಗಿಂತಲೂ ಮೊದಲು, 2023ರ ಫೆಬ್ರವರಿಯಲ್ಲಿ, ಅದರ ಮೇಲೆ 115 ಆರೋಪಗಳನ್ನು ಹೊರಿಸಲಾಯಿತು. ವಿಚಾರಣೆ ಆರಂಭವಾಗುವಾಗ 2024ರ ಸೆಪ್ಟೆಂಬರ್ ಬಂದಿತ್ತು. ಆರೋಪಗಳನ್ನು ಕ್ಲಬ್ ಪೂರ್ತಿಯಾಗಿ ನಿರಾಕರಿಸಿದೆ. ಆರೋಪ ಹೊತ್ತವರೆಲ್ಲ ಅಪರಾಧಿಗಳಲ್ಲ ಎಂಬುದನ್ನು ಈ ದೇಶದ ಮುಸ್ಲಿಮರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಒಪ್ಪಿಕೊಂಡ ಒಂದು ತಪ್ಪಿಗಿಂತ, ನಿರಾಕರಿಸಲಾದ 115 ಆರೋಪಗಳ ವಿಚಾರಣೆಗೆ ಹೆಚ್ಚು ಸಮಯ ಬೇಕು ಎಂಬುದೂ ನಿಜ. ಆದರೆ ಆ ಕಾಯುವಿಕೆಯ ನಡುವೆ ಸಿಟಿ ಎರಡು ಸಲ ಲೀಗ್ ಗೆದ್ದಿತು, ಯುರೋಪಿನ ಚಾಂಪಿಯನ್ ಆಯಿತು. ಎವರ್ಟನ್ ಕೆಳದರ್ಜೆಗೆ ಜಾರದಂತೆ ಒಂದೊಂದು ಅಂಕಕ್ಕೂ ಪರದಾಡಿತು. ಎವರ್ಟನ್ ಬಡ ಕ್ಲಬ್ಬೇನೂ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಶ್ರೀಮಂತರೊಳಗೂ ಮೆಟ್ಟಿಲುಗಳಿವೆ, ಅಷ್ಟೇ.

ಇದಕ್ಕೂ ಮೊದಲಿನ ಪ್ರಕರಣ ಇನ್ನಷ್ಟು ಸ್ಪಷ್ಟ. 2020ರ ಫೆಬ್ರವರಿಯಲ್ಲಿ ಯುರೋಪಿನ ಫುಟ್ಬಾಲ್ ಸಂಸ್ಥೆ ಯುಇಎಫ್‌ಎ, ಸಿಟಿಯನ್ನು ತನ್ನ ಸ್ಪರ್ಧೆಗಳಿಂದ ಎರಡು ವರ್ಷ ನಿಷೇಧಿಸಿ 3 ಕೋಟಿ ಯೂರೋ ದಂಡ ವಿಧಿಸಿತು. ಜುಲೈಯಲ್ಲಿ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ನಿಷೇಧವನ್ನು ತೆಗೆದುಹಾಕಿತು. ಕೆಲವು ಆರೋಪಗಳು ಸಾಬೀತಾಗಿಲ್ಲ, ಇನ್ನು ಕೆಲವು ಕಾಲಮಿತಿ ಮೀರಿವೆ ಎಂಬುದು ಕಾರಣ. ತನಿಖೆಗೆ ಸಹಕರಿಸದಿದ್ದುದಕ್ಕಾಗಿ 1 ಕೋಟಿ ಯೂರೋ ದಂಡ ಮಾತ್ರ ಉಳಿಯಿತು. 2018-19ರಲ್ಲಿ ಆ ಕ್ಲಬ್ಬಿನ ಆದಾಯ 53.5 ಕೋಟಿ ಪೌಂಡ್. ಲೆಕ್ಕ ಹಾಕಿ ನೋಡಿ: ತನಿಖೆಗೆ ಅಡ್ಡಿಯಾದುದಕ್ಕೆ ತೆತ್ತ ಬೆಲೆ ಒಂದು ವಾರದ ಗಳಿಕೆಯಷ್ಟೂ ಇಲ್ಲ.

ಇಲ್ಲಿ ನಮ್ಮವರ ಒಂದು ದೌರ್ಬಲ್ಯವನ್ನು ಹೇಳದೆ ಮುಂದೆ ಹೋಗಲಾರೆ. ಸಿಟಿಯನ್ನು 2008ರಲ್ಲಿ ಖರೀದಿಸಿದ್ದು ಅಬುಧಾಬಿಯ ರಾಜಮನೆತನದವರು. ಪ್ಯಾರಿಸ್‌ನ ಪಿಎಸ್‌ಜಿ ಕತಾರ್‌ನ ಕೈಯಲ್ಲಿದೆ, ನ್ಯೂಕಾಸಲ್‌ನ ದೊಡ್ಡ ಪಾಲು 2021ರಲ್ಲಿ ಸೌದಿಯ ಸಾರ್ವಜನಿಕ ಹೂಡಿಕೆ ನಿಧಿಗೆ ಹೋಯಿತು. ಈ ಕ್ಲಬ್‌ಗಳ ಮೇಲೆ ಆರೋಪ ಬಂದಾಗಲೆಲ್ಲ ನಮ್ಮ ಕೆಲವು ಯುವಕರು ಅದನ್ನು ಮುಸ್ಲಿಮ್ ದ್ವೇಷದ ಖಾತೆಗೆ ಸೇರಿಸಿ ಮುಗಿಸಿಬಿಡುತ್ತಾರೆ. ದ್ವೇಷ ಇಲ್ಲವೆಂದಲ್ಲ. ಆದರೆ ಕುರ್‌ಆನ್ ತನ್ನ ನಾಲ್ಕನೆಯ ಅಧ್ಯಾಯದಲ್ಲಿ ಸತ್ಯವಿಶ್ವಾಸಿಗಳಿಗೆ ಇಟ್ಟ ಷರತ್ತು ಬೇರೆಯೇ: ಸಾಕ್ಷ್ಯವು ಸ್ವಂತಕ್ಕೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ನಿಲ್ಲಬೇಕು, ಎದುರಿಗಿರುವವನು ಸಿರಿವಂತನೋ ಬಡವನೋ ಎಂಬುದು ಅಡ್ಡ ಬರಬಾರದು. ಮಖ್ಝೂಮ್ ಗೋತ್ರದ ಪ್ರತಿಷ್ಠಿತ ಮಹಿಳೆಯೊಬ್ಬಳು ಕಳವು ಮಾಡಿದಾಗ, ಆಕೆಯ ಪರ ಶಿಫಾರಸಿಗೆ ಬಂದ ಉಸಾಮ(ರ)ರನ್ನು ಪ್ರವಾದಿ(ಸ) ಹೇಗೆ ತಡೆದರೆಂಬುದು ಮದ್ರಸದ ಮಕ್ಕಳಿಗೂ ಗೊತ್ತಿದೆ. ಪ್ರತಿಷ್ಠಿತರನ್ನು ಬಿಟ್ಟು ದುರ್ಬಲರನ್ನು ಶಿಕ್ಷಿಸಿದ್ದೇ ಹಿಂದಿನ ಸಮುದಾಯಗಳ ನಾಶಕ್ಕೆ ಕಾರಣವೆಂದು ಅವರು ಎಚ್ಚರಿಸಿದ್ದರು. ತಮ್ಮ ಮಗಳು ಫಾತಿಮಾರಿಗೂ ಅವರು ವಿನಾಯಿತಿ ಇಡಲಿಲ್ಲ. ಹೀಗಿರುವಾಗ ಶೇಖ್‌ಗಳಿಗೆ ವಿನಾಯಿತಿ ಕೇಳುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ಹಾಗೆಂದು ನಿಯಮಗಳೆಲ್ಲ ನ್ಯಾಯಸಮ್ಮತವಾಗಿವೆಯೇ? ಇಲ್ಲ. ಸಿಟಿಯ ಬೆಂಬಲಿಗರ ವಾದದಲ್ಲೂ ಹುರುಳಿದೆ. ಖರ್ಚನ್ನು ಆದಾಯಕ್ಕೆ ಕಟ್ಟಿಹಾಕಿದರೆ ಲಾಭ ಯಾರಿಗೆ? ಈಗಾಗಲೇ ದೊಡ್ಡ ಕ್ರೀಡಾಂಗಣ, ಜಗತ್ತಿನೆಲ್ಲೆಡೆ ಅಭಿಮಾನಿಗಳು ಇರುವ ಹಳೆಯ ಶ್ರೀಮಂತರಿಗೆ. ಹೊಸಬರು ಮೇಲೇರುವ ಏಣಿಯನ್ನು ಮೊದಲೇ ಹತ್ತಿದವರು ಎಳೆದುಕೊಂಡಂತೆ ಇದು. ಇನ್ನೂ ವಿಚಿತ್ರವೆಂದರೆ, 2005ರಲ್ಲಿ ಅಮೆರಿಕದ ಕುಟುಂಬವೊಂದು ಮ್ಯಾಂಚೆಸ್ಟರ್ ಯುನೈಟೆಡನ್ನು ಖರೀದಿಸಿದ್ದು ದೊಡ್ಡ ಮಟ್ಟಿಗೆ ಸಾಲದ ಹಣದಿಂದ, ಮತ್ತು ಆ ಸಾಲದ ಹೊರೆ ಬಿದ್ದದ್ದು ಕ್ಲಬ್ಬಿನ ತಲೆಯ ಮೇಲೆ. ವರ್ಷ ವರ್ಷವೂ ಅಭಿಮಾನಿಗಳ ಟಿಕೆಟ್ ಹಣದಿಂದ ಬಡ್ಡಿ ಕಟ್ಟಲಾಯಿತು. ಅದು ಯಾವ ನಿಯಮದ ಉಲ್ಲಂಘನೆಯೂ ಆಗಲಿಲ್ಲ. ಮಾಲಕ ತನ್ನ ಕಿಸೆಯಿಂದ ಹಣ ಸುರಿದರೆ ಅಪರಾಧ, ಸಾಲ ಹೇರಿ ಬಡ್ಡಿ ಹೀರಿದರೆ ವ್ಯವಹಾರ! ಚೆಲ್ಸಿಯಂತೂ ತನ್ನ ಎರಡು ಹೋಟೆಲುಗಳನ್ನು ತನ್ನದೇ ಸೋದರ ಕಂಪೆನಿಗೆ 7.65 ಕೋಟಿ ಪೌಂಡ್‌ಗೆ ಮಾರಿ ಲೆಕ್ಕಪುಸ್ತಕದಲ್ಲಿ ಲಾಭ ತೋರಿಸಿತು. ಪ್ರೀಮಿಯರ್ ಲೀಗ್ ಅದನ್ನು ಒಪ್ಪಿಕೊಂಡಿತು. ಅತ್ತ ಫಾರೆಸ್ಟ್, ಬ್ರೆನನ್ ಜಾನ್ಸನ್ ಎಂಬ ಆಟಗಾರನನ್ನು ಜೂನ್‌ನಲ್ಲಿ ಕಡಿಮೆ ಬೆಲೆಗೆ ಕೊಡುವ ಬದಲು ಎರಡು ತಿಂಗಳು ಕಾದು ಹೆಚ್ಚಿನ ಬೆಲೆಗೆ ಮಾರಿತು. ಕ್ಲಬ್ಬಿಗೆ ಒಳಿತಾದ ಆ ಮಾರಾಟ ಲೆಕ್ಕದ ದಿನಾಂಕ ದಾಟಿತ್ತು. ಅದರ ವಾದವನ್ನು ಆಯೋಗ ಒಪ್ಪಲಿಲ್ಲ.

ಈ ನಿಯಮಗಳನ್ನು ಮಾಡುವವರು ಯಾರೆಂದು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇಪ್ಪತ್ತು ಕ್ಲಬ್‌ಗಳು ಮತ ಹಾಕುತ್ತವೆ, ಹದಿನಾಲ್ಕು ಮತ ಬಿದ್ದರೆ ನಿಯಮ. ಅಂದರೆ ನಿಯಮಕ್ಕೆ ಒಳಪಡುವವರೇ ನಿಯಮವನ್ನು ಬದಲಿಸಬಲ್ಲರು. ಬಲಾಢ್ಯರಿಗೆ ತಮ್ಮ ಮೇಲಿನ ಮಿತಿಯನ್ನು ತಾವೇ ಅಳಿಸಿಹಾಕುವ ಹಕ್ಕಿದೆಯೇ ಎಂಬ ಪ್ರಶ್ನೆ ನಿಟ್ಟೆಗೆ ಅಪರಿಚಿತವಲ್ಲ. ಇಲ್ಲಿನ ವಿದ್ಯಾಸಂಸ್ಥೆಗಳ ಸ್ಥಾಪಕರಾದ ನ್ಯಾಯಮೂರ್ತಿ ಕೆ.ಎಸ್. ಹೆಗ್ಡೆಯವರು, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯಲ್ಲಿ, ಸಂವಿಧಾನದ ಮೂಲರಚನೆಯನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದ ಬಹುಮತದ ತೀರ್ಪಿನಲ್ಲಿ ಒಬ್ಬರಾಗಿದ್ದರು. 1973ರ ಎಪ್ರಿಲ್ 24ರ ಆ ತೀರ್ಪಿನ ಬೆನ್ನಿಗೇ, ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಅವರೂ ಸೇರಿ ಮೂವರು ಹಿರಿಯರನ್ನು ದಾಟಿ ಕಿರಿಯರೊಬ್ಬರನ್ನು ನೇಮಿಸಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ಫುಟ್ಬಾಲಿನ ಮಾತಿಗೆ ಇದು ಭಾರವಾದ ಹೋಲಿಕೆ ಎನಿಸಬಹುದು. ಆದರೂ ಆ ಕಟ್ಟಡಗಳ ಎದುರು ಹಾದು ಹೋಗುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಅಷ್ಟಕ್ಕೂ ಇಂಥ ನಿಯಮಗಳು ಬೇಕಾದದ್ದು ಯಾಕೆ? ಬ್ಯೂರಿ ಎಂಬ ಕ್ಲಬ್ಬನ್ನು ನೋಡಿ. 1885ರಲ್ಲಿ ಹುಟ್ಟಿ, ಎರಡು ಸಲ ಎಫ್‌ಎ ಕಪ್ ಗೆದ್ದಿದ್ದ ಅದನ್ನು ಹಣಕಾಸಿನ ಬಿಕ್ಕಟ್ಟಿನಿಂದಾಗಿ 2019ರ ಆಗಸ್ಟ್‌ನಲ್ಲಿ ಲೀಗ್‌ನಿಂದಲೇ ಉಚ್ಚಾಟಿಸಲಾಯಿತು. ಸಣ್ಣವರಿಗೆ ಕಾಲಾವಕಾಶವೂ ಇಲ್ಲ, ವಕೀಲರ ದಂಡೂ ಇಲ್ಲ. ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ, 2025ರ ಆಗಸ್ಟ್‌ನಲ್ಲಿ ಐಎಸ್‌ಎಲ್‌ನ ಭವಿಷ್ಯ ಅತಂತ್ರವಾದಾಗ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟಾವಧಿಗೆ ತಡೆಹಿಡಿಯುವುದಾಗಿ ಪ್ರಕಟಿಸಿತು. ಅದರ ಮಾಲಕತ್ವ ದೇಶದ ದೊಡ್ಡ ಉಕ್ಕು ಉದ್ಯಮ ಸಮೂಹಗಳಲ್ಲೊಂದಾದ ಜೆಎಸ್‌ಡಬ್ಲ್ಯೂನದು. ಬಿಕ್ಕಟ್ಟು ಕ್ಲಬ್ ತಂದುಕೊಂಡದ್ದಲ್ಲ ಎಂಬುದನ್ನು ಒಪ್ಪೋಣ. ಆದರೆ ಬಿಕ್ಕಟ್ಟಿನ ಮೊದಲ ಪೆಟ್ಟು ಸಂಬಳದವರ ಮೇಲೆಯೇ ಬೀಳಬೇಕೇ? ಕಾರ್ಮಿಕನ ಬೆವರು ಆರುವ ಮುನ್ನ ಕೂಲಿ ಕೊಡಿರೆಂಬ ಪ್ರವಾದಿ ವಚನ ಛೇಟ್ರಿಯಂಥ ತಾರೆಗಿಂತ ಹೆಚ್ಚಾಗಿ ಜೆರ್ಸಿ ಒಗೆಯುವವನಿಗೆ, ಆಟಗಾರರ ಕಾಲು ನೀವುವವನಿಗೆ ಸಂಬಂಧಿಸಿದ್ದು.

ಹಾಗಾದರೆ ನ್ಯಾಯವಾದ ಶಿಕ್ಷೆ ಯಾವುದು? ಹಣದ ದಂಡ ಸಾಲದೆಂದು ಅಂಕ ಕಡಿತವನ್ನು ಹೊಗಳುವವರು ಒಂದು ಆಕ್ಷೇಪಕ್ಕೆ ಉತ್ತರಿಸಬೇಕು: ಲೆಕ್ಕಪತ್ರ ಬರೆದವರು ಒಬ್ಬರು, ಅಂಕ ಕಳಕೊಂಡು ಅಳುವವರು ಇನ್ನೊಬ್ಬರು. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ ಎಂಬ ಕುರ್‌ಆನಿನ ತತ್ವಕ್ಕೆ ಇದು ಹೊಂದುವುದೇ? ಇದಕ್ಕೆ ಖಲೀಫಾ ಉಮರ್(ರ)ರ ಒಂದು ತೀರ್ಪು ದಾರಿ ತೋರಿಸುತ್ತದೆ ಎಂದು ನನ್ನ ಭಾವನೆ. ಇಮಾಮ್ ಮಾಲಿಕ್‌ರ ಮುವತ್ತಾದಲ್ಲಿ ಅದು ದಾಖಲಾಗಿದೆ. ಹಾತಿಬ್(ರ)ರ ಮನೆಯ ಗುಲಾಮರು ಮುಝೈನ ಗೋತ್ರದವನೊಬ್ಬನ ಒಂಟೆಯನ್ನು ಕದ್ದು ಕೊಯ್ದರು. ಶಿಕ್ಷೆಗೆ ಆಜ್ಞೆಯಾಯಿತು. ಆದರೆ ಅವರನ್ನು ಉಪವಾಸ ಕೆಡವಲಾಗಿದೆ ಎಂದು ಉಮರ್‌(ರ)ರಿಗೆ ಅನಿಸಿತು. ಅವರು ಒಡೆಯನತ್ತ ತಿರುಗಿ, ನಿನಗೆ ಭಾರವೆನಿಸುವಂಥ ದಂಡವನ್ನೇ ಹಾಕುತ್ತೇನೆ ಎಂದರು. ಒಂಟೆಗೆ 400 ದಿರ್‌ಹಮ್ ಕೊಟ್ಟರೂ ಮಾರುತ್ತಿರಲಿಲ್ಲ ಎಂದು ಅದರ ಯಜಮಾನ ಹೇಳಿದಾಗ, 800 ಕೊಡುವಂತೆ ಒಡೆಯನಿಗೆ ಆದೇಶವಾಯಿತು. ಬೆಲೆಯನ್ನು ಇಮ್ಮಡಿಗೊಳಿಸುವುದನ್ನು ಇಮಾಮ್ ಮಾಲಿಕ್‌ರು ಸ್ವತಃ ರೂಢಿಯ ನಿಯಮವೆಂದು ಸ್ವೀಕರಿಸಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಆ ತೀರ್ಪಿನ ದೃಷ್ಟಿಯನ್ನು ಗಮನಿಸಿ. ಅಂಗಳದಲ್ಲಿ ಸಿಕ್ಕಿಬಿದ್ದವರನ್ನು ದಾಟಿ, ತಪ್ಪಿನ ಮೂಲ ಇದ್ದಲ್ಲಿಗೆ ದಂಡ ಹೋಯಿತು, ಅದೂ ನೋವಾಗುವಷ್ಟು.

ದಂಡವನ್ನು ಆದಾಯಕ್ಕೆ ಅನುಗುಣವಾಗಿ ಅಳೆಯುವುದು ಕಾರ್ಯಸಾಧ್ಯವಲ್ಲ ಎನ್ನುವವರಿಗೆ ಫಿನ್‌ಲೆಂಡನ್ನು ತೋರಿಸಬಹುದು. ಅಲ್ಲಿ 1921ರಿಂದಲೇ ದಿನದ ಗಳಿಕೆಯ ಲೆಕ್ಕದಲ್ಲಿ ದಂಡ ಹಾಕುವ ಪದ್ಧತಿ ಇದೆ. 2002ರಲ್ಲಿ ನೋಕಿಯಾ ಕಂಪೆನಿಯ ಅಧಿಕಾರಿಯೊಬ್ಬರಿಗೆ ವೇಗವಾಗಿ ಬೈಕ್ ಓಡಿಸಿದ್ದಕ್ಕೆ 1 ಲಕ್ಷ 16 ಸಾವಿರ ಯೂರೋ ದಂಡ ಬಿತ್ತು. ಕ್ಲಬ್‌ಗಳಿಗೂ ಹೀಗೆ ಆದಾಯದ ಪಾಲಾಗಿ ದಂಡ ಹಾಕಿ, ಅದನ್ನು ಮಾಲಕನ ಸ್ವಂತ ಖಾತೆಯಿಂದ ವಸೂಲು ಮಾಡಿ, ಬ್ಯೂರಿಯಂಥ ಕ್ಲಬ್‌ಗಳ ನೌಕರರ ಸಂಬಳಕ್ಕೆ ಮೀಸಲಿಟ್ಟರೆ ಏನು ತೊಂದರೆ? ಆಟದಲ್ಲಿ ಅನ್ಯಾಯದ ಲಾಭ ಪಡೆದದ್ದು ಸಾಬೀತಾದರೆ ಅಂಕವೂ ಹೋಗಲಿ, ಆದರೆ ಅದೇ ಋತುವಿನೊಳಗೆ.

ನಮ್ಮ ಗದ್ದೆಯ ಪಂದ್ಯಾಟದ ಸಮಿತಿ ಕಳೆದ ವರ್ಷ ನಿಯಮ ತಿದ್ದಿತು. ಹೊರಗಿನವರನ್ನು ಆಡಿಸಿದರೆ ಹಣ ಕಟ್ಟುವಂತಿಲ್ಲ. ಆ ಪಂದ್ಯ ಸೋತಂತೆ, ಮತ್ತು ತಂಡದ ಪೋಷಕರಿಗೆ ಸಮಾರೋಪದ ವೇದಿಕೆಯಲ್ಲಿ ಕುರ್ಚಿ ಇಲ್ಲ. ಆ ಕೊಲ್ಲಿ ವ್ಯಾಪಾರಿ ಸಭೆಯಲ್ಲಿ ಎದ್ದು ನಿಂತು, ದಂಡವನ್ನು 50 ಸಾವಿರಕ್ಕೆ ಏರಿಸಿ ಬೇಕಾದರೆ, ಕುರ್ಚಿಯ ವಿಷಯ ಬಿಡಿ ಎಂದು ಬಹಳ ಹೊತ್ತು ವಾದಿಸಿದರು. ಸಮಿತಿ ಒಪ್ಪಲಿಲ್ಲ. ನೋಂದಣಿಯ ದಿನ ಅವರು ಕಳುಹಿಸಿದ ಲಕೋಟೆಯಲ್ಲಿ ಪ್ರವೇಶ ಶುಲ್ಕ ಮಾತ್ರ ಇತ್ತು.