ಕೈಗೆ ಸಿಗುವ ಕಾರ್ಡು, ಕೈಗೆ ಸಿಗದ ಚಿಪ್

ಕಳೆದ ಮಳೆಗಾಲದಲ್ಲಿ ಅಮ್ಮನ ಫೋನು ಬಚ್ಚಲುಮನೆಯ ಬಕೆಟ್ಟಿಗೆ ಬಿತ್ತು. ಎತ್ತುವಷ್ಟರಲ್ಲಿ ಪರದೆ ಒಮ್ಮೆ ಮಿನುಗಿ ಕಪ್ಪಾಯಿತು. ಅಮ್ಮ ಗಾಬರಿಯಾಗಲಿಲ್ಲ. ಸೆರಗಿನ ಪಿನ್ನು ತೆಗೆದು ಫೋನಿನ ಬದಿಯ ಸಣ್ಣ ತೂತಿಗೆ ಒತ್ತಿದಳು. ಹೊರಬಂದ ಟ್ರೇಯಿಂದ ಸಿಮ್ ತೆಗೆದು ಸೆರಗಲ್ಲೇ ಒರೆಸಿ, ಹಳೆಯ ಪ್ಲಾಸ್ಟಿಕ್ ಅಡಾಪ್ಟರಿನಲ್ಲಿ ಕೂರಿಸಿ, ಕಪಾಟಿನಲ್ಲಿದ್ದ ಕೀಪ್ಯಾಡ್ ಫೋನಿಗೆ ಹಾಕಿದಳು. ಹತ್ತೇ ನಿಮಿಷದಲ್ಲಿ ನನಗೆ ಕರೆ ಬಂತು. “ಫೋನು ಹೋಯ್ತು ಕಣೋ, ನಂಬರ್ ಇದೆ.”

ಎರಡು ತಿಂಗಳ ನಂತರ ನನ್ನ ಫೋನು ರೈಲ್ವೆ ಪ್ಲಾಟ್‌ಫಾರ್ಮಿನ ಮೇಲೆ ಬಿದ್ದು ಸತ್ತಿತು. ನನ್ನದು ಇ-ಸಿಮ್. ತೆಗೆಯಲು ಒಳಗೆ ಕಾರ್ಡೇ ಇಲ್ಲ. ಹೊಸ ಫೋನು ತಂದು ಸಿಮ್ ಕಂಪನಿಯ ಆ್ಯಪ್ ತೆರೆದರೆ ಒಟಿಪಿ ಕೇಳಿತು. ಒಟಿಪಿ ಬರಬೇಕಾದದ್ದು ಸತ್ತುಹೋದ ಅದೇ ನಂಬರಿಗೆ! ಮೇಲ್ ಮೂಲಕ ಪ್ರಯತ್ನಿಸೋಣವೆಂದು ಅದನ್ನು ತೆರೆಯಲು ಹೋದರೆ ಅದೂ ಅದೇ ನಂಬರನ್ನು ಕೇಳಿತು. ಕೊನೆಗೆ ಆಧಾರ್ ಹಿಡಿದು ಅಂಗಡಿಗೆ ಹೋಗಿ, ಸರದಿಯಲ್ಲಿ ನಿಂತು, ಅವರು ತೋರಿಸಿದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದೆ. ಸಂಜೆಗೆ ಕರೆಗಳು ಬಂದವು, ಬ್ಯಾಂಕಿನ ಎಸ್‌ಎಂಎಸ್ ಬಂದದ್ದು ಮರುದಿನ.

ಆ ದಿನ ಇ-ಸಿಮ್ ಮೇಲೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಒಂದು ದಿನದ ಸಿಟ್ಟನ್ನು ತಕ್ಕಡಿಯ ಕಲ್ಲಾಗಿಸಿಕೊಳ್ಳಬಾರದು. ತೂಗುವ ಮೊದಲು ವಸ್ತು ಏನೆಂದು ತಿಳಿಯಬೇಕು.

ಸಿಮ್ ಎಂದರೆ ಪ್ಲಾಸ್ಟಿಕ್ ಅಲ್ಲ, ಅದರ ಮೇಲಿನ ಚಿಕ್ಕ ಚಿಪ್. ಅದರಲ್ಲಿ ಮುಖ್ಯವಾಗಿ ಎರಡು ಸಂಗತಿಗಳಿವೆ. ಒಂದು, ಗ್ರಾಹಕರನ್ನು ಗುರುತಿಸುವ ಐಎಂಎಸ್‌ಐ ಎಂಬ ಸಂಖ್ಯೆ. ಇನ್ನೊಂದು, 128 ಬಿಟ್‌ನ ರಹಸ್ಯ ಕೀಲಿ. ಫೋನು ನೆಟ್‌ವರ್ಕಿಗೆ ಸೇರುವಾಗ ಟವರಿನ ಆಚೆಯಿಂದ ಒಂದು ಸವಾಲಿನ ಸಂಖ್ಯೆ ಬರುತ್ತದೆ. ಚಿಪ್ ತನ್ನ ಕೀಲಿಯೊಂದಿಗೆ ಅದನ್ನು ಬೆರೆಸಿ ಲೆಕ್ಕ ಹಾಕಿ ಉತ್ತರವನ್ನಷ್ಟೇ ಕಳಿಸುತ್ತದೆ. ಕಂಪನಿಯ ಬಳಿಯೂ ಅದೇ ಕೀಲಿಯ ಪ್ರತಿ ಇರುತ್ತದೆ, ಅಲ್ಲಿಯೂ ಅದೇ ಲೆಕ್ಕ ನಡೆಯುತ್ತದೆ. ಎರಡೂ ಉತ್ತರ ತಾಳೆಯಾದರೆ ಬಾಗಿಲು ತೆರೆಯುತ್ತದೆ. ಕೀಲಿ ಮಾತ್ರ ಚಿಪ್ ಬಿಟ್ಟು ಎಂದೂ ಹೊರಗೆ ಬರುವುದಿಲ್ಲ.

ಈ ಚಿಪ್ಪಿಗೆ ಅಂಟಿದ ಪ್ಲಾಸ್ಟಿಕ್ ಸವೆಯುತ್ತಲೇ ಬಂದಿದೆ. 1991ರಲ್ಲಿ ಜರ್ಮನಿಯ ಗೀಸೆಕೆ ಅಂಡ್ ಡೆವ್ರಿಯೆಂಟ್ ಕಂಪನಿ ಫಿನ್ಲೆಂಡಿನ ರೇಡಿಯೊಲಿನ್ಯಾಗೆ ಕೊಟ್ಟ ಮೊದಲ ಸಿಮ್‌ಗಳು ಬ್ಯಾಂಕ್ ಕಾರ್ಡಿನಷ್ಟು ದೊಡ್ಡವು. ಆಮೇಲೆ ಮಿನಿ ಬಂತು, ಮೈಕ್ರೊ ಬಂತು, 2012ರ ಹೊತ್ತಿಗೆ 12.3 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲದ ನ್ಯಾನೊ ಬಂತು. ಇ-ಸಿಮ್‌ನಲ್ಲಿ ಪ್ಲಾಸ್ಟಿಕ್ ಪೂರ್ತಿ ಮಾಯವಾಗಿ ಚಿಪ್ ಫೋನಿನ ಮದರ್‌ಬೋರ್ಡಿಗೇ ಬೆಸುಗೆಯಾಗಿದೆ. ಇಲ್ಲಿ ‘ಇ’ ಎಂದರೆ ಎಲೆಕ್ಟ್ರಾನಿಕ್ ಎಂದು ಹಲವರು ತಿಳಿದಿದ್ದಾರೆ. ಅಲ್ಲ, ಅದು ಎಂಬೆಡೆಡ್, ಅಂದರೆ ಒಳಗೇ ಕೂರಿಸಿದ್ದು.

ಕಾರ್ಡಿನಲ್ಲಿ ಕಂಪನಿ ಮೊದಲೇ ಬರೆದು ಕೊಡುತ್ತಿದ್ದದ್ದು ಇಲ್ಲಿ ಇಂಟರ್‌ನೆಟ್ ಮೂಲಕ ಇಳಿಯುತ್ತದೆ. ಪ್ರತಿ ಇ-ಸಿಮ್ ಚಿಪ್ಪಿಗೂ ಇಐಡಿ ಎಂಬ 32 ಅಂಕಿಯ ಗುರುತಿದೆ. ಕ್ಯೂಆರ್ ಕೋಡಿನಲ್ಲಿ ನಿಮ್ಮ ನಂಬರ್ ಇರುವುದಿಲ್ಲ. ಅದರಲ್ಲಿರುವುದು ಒಂದು ಸರ್ವರಿನ ವಿಳಾಸ ಮತ್ತು ಒಂದು ಸಂಕೇತ. ಸ್ಕ್ಯಾನ್ ಮಾಡಿದಾಗ ಚಿಪ್ ಮತ್ತು ಸರ್ವರ್ ಪರಸ್ಪರರ ಡಿಜಿಟಲ್ ಪ್ರಮಾಣಪತ್ರ ಪರಿಶೀಲಿಸುತ್ತವೆ. ನಂತರ ಐಎಂಎಸ್‌ಐ ಮತ್ತು ಕೀಲಿ ಸೇರಿದ ‘ಪ್ರೊಫೈಲ್’ ಗೂಢಲಿಪಿಯಲ್ಲಿ ಇಳಿದು ಚಿಪ್ಪಿನೊಳಗೆ ಮಾತ್ರ ಬಿಚ್ಚಿಕೊಳ್ಳುತ್ತದೆ. ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟ ಜಿಎಸ್ಎಂಎ 2016ರಲ್ಲಿ ಇದಕ್ಕೆ ಗ್ರಾಹಕ ಸಾಧನಗಳ ಮಾನದಂಡ ತಂದಿತು. 2017ರ ಪಿಕ್ಸೆಲ್ 2 ಮತ್ತು 2018ರ ಐಫೋನ್ ಎಕ್ಸ್‌ಎಸ್ ಇದನ್ನು ಫೋನುಗಳಿಗೆ ತಂದವು. ಭಾರತದಲ್ಲಿ 2018ರಲ್ಲಿ ಜಿಯೊ ಮತ್ತು ಏರ್‌ಟೆಲ್ ಆಪಲ್ ವಾಚ್‌ನೊಂದಿಗೆ ಆರಂಭಿಸಿದವು.

ಅನುಕೂಲಗಳನ್ನು ಮನಸಾರೆ ಒಪ್ಪಬೇಕು. ಒಂದೇ ಚಿಪ್ಪಿನಲ್ಲಿ ಹಲವು ಪ್ರೊಫೈಲ್‌ಗಳು ಕೂರುತ್ತವೆ. ದುಬೈಗೋ ಸಿಂಗಪುರಕ್ಕೋ ಹೊರಟವರು ಬೆಂಗಳೂರಿನಲ್ಲಿ ಕುಳಿತೇ ಅಲ್ಲಿನ ಡೇಟಾ ಪ್ಲಾನ್ ಇಳಿಸಿಕೊಂಡು, ಊರಿನ ನಂಬರನ್ನು ಒಟಿಪಿಗೆಂದು ಜೀವಂತವಾಗಿಟ್ಟು, ವಿಮಾನ ಇಳಿದ ಕೂಡಲೇ ಟ್ಯಾಕ್ಸಿ ಕರೆಯಬಹುದು. ವಿಮಾನ ನಿಲ್ದಾಣದಲ್ಲಿ ಕಾರ್ಡು ಬದಲಿಸಿ, ಊರಿನ ಸಿಮ್ಮನ್ನು ಪರ್ಸಿನ ಸಂದಿಯಲ್ಲಿ ಕಳೆದುಕೊಂಡವರಿಗೆ ಇದರ ಬೆಲೆ ಗೊತ್ತು. ಟ್ರೇ ಇಲ್ಲವಾದರೆ ನೀರು, ದೂಳು ನುಗ್ಗುವ ಒಂದು ದಾರಿ ಮುಚ್ಚುತ್ತದೆ, ಜಾಗವೂ ಉಳಿಯುತ್ತದೆ. ಐಫೋನ್ 17 ಪ್ರೊದ ಇ-ಸಿಮ್ ಮಾತ್ರದ ಮಾದರಿಯಲ್ಲಿ ಆ ಜಾಗಕ್ಕೆ ದೊಡ್ಡ ಬ್ಯಾಟರಿ ಬಂದಿದೆ. ಅದರಲ್ಲಿ ಎರಡು ಗಂಟೆಯವರೆಗೆ ಹೆಚ್ಚು ವಿಡಿಯೊ ನೋಡಬಹುದೆಂದು ಆಪಲ್ ಹೇಳುತ್ತದೆ. ಫೋನಿಗಿಂತ ಆಚೆಗೂ ಇದರ ಉಪಯೋಗವಿದೆ. ಬಸ್ಸು, ಟ್ಯಾಕ್ಸಿಗಳಲ್ಲಿ ಕೂರಿಸುವ ಟ್ರ್ಯಾಕರ್‌ಗಳಿಗೆ ನಮ್ಮ ಎಐಎಸ್-140 ಮಾನದಂಡ ಎಂಬೆಡೆಡ್ ಸಿಮ್ ಕೇಳುತ್ತದೆ. ದಿನವಿಡೀ ಕುಲುಕುವ ಗಾಡಿಯಲ್ಲಿ ಕಾರ್ಡು ಸಡಿಲವಾಗುತ್ತದೆ, ಬೆಸುಗೆ ಹಾಕಿದ ಚಿಪ್ ಅಲ್ಲಾಡುವುದಿಲ್ಲ.

ಇನ್ನು ಅನನುಕೂಲಗಳು. ನಮ್ಮಲ್ಲಿ ಕೈಗೆಟಕುವ ದರದ ಅನೇಕ ಫೋನುಗಳಲ್ಲಿ ಈ ಚಿಪ್ ಇನ್ನೂ ಇಲ್ಲ. ಅಮ್ಮನ ಕಪಾಟಿನಲ್ಲಿರುವಂಥ ಕೀಪ್ಯಾಡ್ ಫೋನಿನಲ್ಲಂತೂ ಇಲ್ಲವೇ ಇಲ್ಲ. ಕಾರ್ಡಿದ್ದರೆ ಪಕ್ಕದ ಮನೆಯವರ ಫೋನೂ ಆಪತ್ತಿಗೆ ಆಗುತ್ತದೆ. ಇ-ಸಿಮ್ ಪಡೆಯಲು ಇಂಟರ್‌ನೆಟ್ ಬೇಕು, ಮೇಲ್ ಬೇಕು, ಸೆಟ್ಟಿಂಗ್ಸ್ ಹುಡುಕುವ ತಾಳ್ಮೆ ಬೇಕು. ಒಂದೇ ಬ್ರಾಂಡಿನ ಎರಡು ಫೋನುಗಳ ನಡುವೆ ವರ್ಗಾವಣೆ ಈಗ ಸುಲಭವಾಗುತ್ತಿದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಹಳೆಯ ಫೋನು ಬದುಕಿರಬೇಕು. ಕಾರ್ಡನ್ನು ಬದಲಿಸುವಾಗ ನಾವು ಯಾರ ಅನುಮತಿಯನ್ನೂ ಕೇಳುತ್ತಿರಲಿಲ್ಲ. ಇಲ್ಲಿ ಪ್ರತಿ ಸಲವೂ ಕಂಪನಿಯ ಬಾಗಿಲು ತಟ್ಟಬೇಕು.

ಇಷ್ಟು ಹೇಳಿ ನಿಲ್ಲಿಸಿದರೆ ಅಮ್ಮನ ಸೆರಗಿನ ಪಿನ್ನೇ ಗೆದ್ದಂತೆ. ಆದರೆ ಆ ಫೋನು ಬಕೆಟ್ಟಿಗೆ ಬೀಳದೆ ಸಂತೆಯಲ್ಲಿ ಕಳುವಾಗಿದ್ದರೆ? ಕಳ್ಳನ ಬಳಿಯೂ ಪಿನ್ನು ಇರುತ್ತದೆ. ಪರದೆಗೆ ಎಂಥ ಲಾಕ್ ಹಾಕಿದ್ದರೂ ಆತ ಕಾರ್ಡು ಎಳೆದು ತನ್ನ ಫೋನಿಗೆ ಹಾಕಿಕೊಂಡರೆ ಸಾಕು, ಅಮ್ಮನ ಬ್ಯಾಂಕಿನ ಒಟಿಪಿ ಅವನ ಪರದೆಯಲ್ಲಿ. ಇ-ಸಿಮ್ ಇದ್ದ ಫೋನಿನಿಂದ ಹೀಗೆ ಕಿತ್ತುಕೊಳ್ಳಲಾಗದು. ಫೋನು ಆನ್ ಇರುವವರೆಗೆ ನಂಬರೂ ಅದರೊಳಗೇ ಇರುತ್ತದೆ, ಹುಡುಕುವವರಿಗೆ ಅಷ್ಟು ಅವಕಾಶ ಉಳಿಯುತ್ತದೆ.

ಆದ್ದರಿಂದ ಇಲ್ಲಿ ಗುಣ ಬೇರೆ, ದೋಷ ಬೇರೆ ಅಲ್ಲ. ಕೈಯಿಂದ ತೆಗೆಯಲು ಬರುತ್ತದೆ ಎಂಬ ಒಂದೇ ಸಂಗತಿ ಫೋನು ಕೆಟ್ಟ ದಿನ ವರ, ಕಳುವಾದ ದಿನ ಶಾಪ. ತೆಗೆಯಲು ಬರುವುದಿಲ್ಲ ಎಂಬುದು ಕಳುವಾದ ದಿನ ಕಾವಲು, ಕೆಟ್ಟ ದಿನ ಬೀಗ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಬರುವುದಿಲ್ಲ.

ಜೇಬುಗಳ್ಳನಿಗೆ ಬಾಗಿಲು ಮುಚ್ಚಿದಾಗ ಮಾತಿನ ಕಳ್ಳ ಬರುತ್ತಾನೆ ಎಂಬುದನ್ನೂ ಮರೆಯಬಾರದು. “ನಿಮ್ಮ ಸಿಮ್ ಇ-ಸಿಮ್ ಆಗಬೇಕು, ಈಗ ಬಂದ ನಂಬರ್ ಹೇಳಿ” ಎಂದು ಕಂಪನಿಯವನಂತೆ ಮಾತಾಡುತ್ತಾನೆ. ಹೇಳಿದರೆ ಮುಗಿಯಿತು. ನಿಮ್ಮ ಫೋನಿನ ಸಿಗ್ನಲ್ ಹೋಗುತ್ತದೆ, ನಂಬರ್ ಅವನ ಫೋನಿನಲ್ಲಿ ಏಳುತ್ತದೆ. ಕಾರ್ಡಿನ ಕಾಲದಲ್ಲಿ ಇಂಥವನು ಸಾಮಾನ್ಯವಾಗಿ ನಕಲಿ ದಾಖಲೆ ಹಿಡಿದು ಅಂಗಡಿಗೆ ಹೋಗಬೇಕಿತ್ತು, ಈಗ ಎಲ್ಲೋ ಕುಳಿತೇ ಮಾಡಬಲ್ಲ. ಸಿಮ್ ಬದಲಾದ ಮೊದಲ 24 ಗಂಟೆ ಎಸ್‌ಎಂಎಸ್ ತಡೆಯಬೇಕೆಂದು ದೂರಸಂಪರ್ಕ ಇಲಾಖೆ 2022ರಲ್ಲಿ ಆದೇಶಿಸಿದ್ದು ಇಂಥ ವಂಚನೆ ತಡೆಯಲೆಂದೇ. ಆ ದಿನ ನನ್ನ ಬ್ಯಾಂಕಿನ ಸಂದೇಶ ಮರುದಿನ ಬಂದದ್ದೂ ಇದರಿಂದಲೇ. ಆಗ ಕಿರಿಕಿರಿಯಾಗಿತ್ತು. ಆ 24 ಗಂಟೆ ಎಷ್ಟು ಜನರ ಉಳಿತಾಯ ಕಾದಿರಬಹುದು ಎಂದು ಯೋಚಿಸಿದಾಗ ಕಿರಿಕಿರಿ ಇಳಿಯಿತು. ಕಾರಣವಿಲ್ಲದೆ ಸಿಗ್ನಲ್ ಹೋಗಿ, ಖಾತೆಯ ಬಗ್ಗೆ ಅನುಮಾನ ಬಂದರೆ ತಡಮಾಡದೆ ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಬೇಕು.

ಹಾಗಾದರೆ ಯಾವುದು ಸರಿ? ಹೆಚ್ಚು ಓಡಾಡುವವರು, ಎರಡು ನಂಬರ್ ನಡೆಸುವವರು, ಒಂದಿಷ್ಟು ಸೆಟ್ಟಿಂಗ್ಸ್ ಬಲ್ಲವರು ಇ-ಸಿಮ್‌ಗೆ ಧೈರ್ಯವಾಗಿ ಹೋಗಬಹುದು. ಆದರೆ ಮೇಲ್‌ಗೆ ಇದೇ ನಂಬರನ್ನು ಅವಲಂಬಿಸದ ಇನ್ನೊಂದು ದಾರಿ ಮೊದಲೇ ಇಟ್ಟಿರಬೇಕು. ಮನೆಯವರ ನಂಬರಾದರೂ ಆದೀತು. ನಾನು ಆ ಎರಡು ನಿಮಿಷದ ಕೆಲಸ ಮಾಡಿದ್ದರೆ ಅಂಗಡಿಯ ಸರದಿ ತಪ್ಪುತ್ತಿತ್ತೇನೋ. ಊರಿನಲ್ಲಿ ಒಂಟಿಯಾಗಿರುವ ಹಿರಿಯರಿಗೆ, ಅಂಗಡಿ ದೂರವಿರುವವರಿಗೆ ಸದ್ಯಕ್ಕೆ ಕಾರ್ಡೇ ಒಳ್ಳೆಯದು. ಕಾರ್ಡಿನ ಕಳ್ಳಭಯಕ್ಕೂ ಬಹುತೇಕರು ಬಳಸದ ಹಳೆಯ ಮದ್ದೊಂದಿದೆ, ಸಿಮ್ ಪಿನ್. ಅದನ್ನು ಹಾಕಿಟ್ಟರೆ ಕಾರ್ಡು ಬೇರೆ ಫೋನಿಗೆ ಹೋದ ಕೂಡಲೇ ನಾಲ್ಕಂಕಿ ಕೇಳುತ್ತದೆ, ಮೂರು ಸಲ ತಪ್ಪಿದರೆ ಬೀಗ ಬೀಳುತ್ತದೆ.

ನನ್ನ ಕಳವಳ ಇರುವುದು ಇಂದಿನ ಬಗ್ಗೆ ಅಲ್ಲ. ಅಮೆರಿಕದಲ್ಲಿ 2022ರ ಐಫೋನ್ 14ರಿಂದೀಚೆಗೆ ಬಂದ ಹೊಸ ಮಾದರಿಗಳಲ್ಲಿ ಸಿಮ್ ಟ್ರೇ ಇಲ್ಲ. 2025ರ ಐಫೋನ್ ಏರ್‌ನಲ್ಲಿ ಯಾವ ದೇಶದಲ್ಲೂ ಇಲ್ಲ. ಆಯ್ಕೆ ನಮ್ಮ ಕೈಯಿಂದ ಜಾರುವ ಮುನ್ನ, ಫೋನು ಸತ್ತವನು ಅದೇ ನಂಬರಿನ ಒಟಿಪಿ ಇಲ್ಲದೆ ತನ್ನ ನಂಬರನ್ನು ಮರಳಿ ಪಡೆಯುವ ಭದ್ರವಾದ, ಹತ್ತಿರದ ದಾರಿಯನ್ನು ಕಂಪನಿಗಳು ಕಟ್ಟಿಕೊಡಬೇಕು. ಹಳ್ಳಿಯ ರೀಚಾರ್ಜ್ ಅಂಗಡಿಯಲ್ಲೂ ಅದು ಸಿಗಬೇಕು.

ಕಳೆದ ವಾರ ಊರಿಗೆ ಹೋದಾಗ ಅಮ್ಮನ ಹೊಸ ಫೋನಿಗೆ ಸಿಮ್ ಪಿನ್ ಹಾಕಿಕೊಟ್ಟೆ. ನಾಲ್ಕಂಕಿ ಅವಳೇ ಆರಿಸಿ, ನನಗೂ ಕಾಣದಂತೆ ಅಂಗೈ ಮರೆಮಾಡಿ ಒತ್ತಿದಳು. ನನ್ನ ಫೋನಿನಲ್ಲಿ ಇ-ಸಿಮ್ ಹಾಗೆಯೇ ಇದೆ. ಮೇಲ್ ಮರಳಿ ಪಡೆಯಲು ಈಗ ಅದರಲ್ಲಿ ಇರುವುದು ಅಮ್ಮನ ನಂಬರ್.