ಮಗ್ಗಿಗೆ ಸಿಗದ ಸಂಖ್ಯೆಯೂ ಪಾಠಕ್ಕೆ ಬರಲಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಬೋಧನಾಭ್ಯಾಸ ಶಾಲೆಗಳಲ್ಲಿ ನಾನು ವೀಕ್ಷಿಸಿದ ಅಪವರ್ತನದ ಪಾಠಗಳಲ್ಲಿ ಹೆಚ್ಚಿನವು 36, 48, 60ರ ಸುತ್ತಲೇ ತಿರುಗುತ್ತವೆ. ಚಾರ್ಟ್ ಅಚ್ಚುಕಟ್ಟು, ಸಮಯಪಾಲನೆಯೂ ಸರಿ. ಆದರೆ ಬ್ಯಾಡಗಿಯ ಒಂದು ತರಗತಿಯಲ್ಲಿ 9ರ ಭಾಜ್ಯತೆಯ ನಿಯಮವನ್ನು 36ಕ್ಕೆ ಹಚ್ಚಿ ತೋರಿಸುತ್ತಿದ್ದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಳು: “ಸರ್, ಇದು ಮಗ್ಗಿಯೊಳಗ ಐತಲ್ರೀ, ನಿಯಮ ಯಾಕ ಬೇಕ್ರೀ?” ಪ್ರಶಿಕ್ಷಣಾರ್ಥಿ “ಪರೀಕ್ಷೆಗೆ ಬರತೈತಿ” ಎಂದು ಮುಂದೆ ಹೋದರು.

ಅವರನ್ನು ದೂರಲಾರೆ. ಹಿಂದೊಮ್ಮೆ ಒಬ್ಬ ಪ್ರಶಿಕ್ಷಣಾರ್ಥಿ ಎಂಟು ಅಂಕಿಯ ಸಂಖ್ಯೆಯೊಂದನ್ನು ಹಲಗೆಯ ಮೇಲೆ ಬರೆದಾಗ, “ಮಕ್ಕಳ ಮಟ್ಟಕ್ಕೆ ಮೀರಿದ್ದು” ಎಂದು ಷರಾ ಬರೆದು ಅಂಕ ಕಡಿಮೆ ಮಾಡಿದವನು ನಾನೇ. ಮುಂದಿನ ಪಾಠದಲ್ಲಿ ಅವರು 24ಕ್ಕೆ ಇಳಿದಿದ್ದರು. ಆ ಷರಾ ತಪ್ಪಾಗಿತ್ತೆಂದು ಈಗ ನನಗೆ ಅನ್ನಿಸಿದೆ. ಮಗ್ಗಿ ಕೈಕೊಟ್ಟಲ್ಲಿ ಮಾತ್ರ ನಿಯಮಕ್ಕೆ ಬೆಲೆ. ಹಾಗಾಗಿ ಪ್ರತಿ ಅಪವರ್ತನದ ಘಟಕದಲ್ಲಿ ಒಂದಾದರೂ ದೊಡ್ಡ ಸಂಯುಕ್ತ ಸಂಖ್ಯೆ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲೇ ಇದೆ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ 27994681ನ್ನು 441ರಿಂದ ಗುಣಿಸುವ ಲೆಕ್ಕ ಕೊಟ್ಟಿದ್ದಾರೆ. ಉತ್ತರ 12345654321, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಂಥ ಗುಣಲಬ್ಧಗಳನ್ನು ಅವರು ಕೊರಳ ಹಾರಕ್ಕೆ ಹೋಲಿಸಿದರು. ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯ ಮಕ್ಕಳಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ.

ಈ ಸಂಖ್ಯೆಯನ್ನು ಗುಂಪುಗಳಿಗೆ ಹಂಚಿ. ಮೊದಲ ಗುಂಪು ಅಂಕಿಗಳನ್ನು ಕೂಡಲಿ: ಮೊತ್ತ 36, ಆದ್ದರಿಂದ 9ರಿಂದ ಭಾಗವಾಗುತ್ತದೆ. ಎರಡನೆಯ ಗುಂಪು ಬಲದಿಂದ ಮೂರು ಮೂರು ಅಂಕಿ ಬಿಡಿಸಿ, ಒಂದನ್ನು ಕೂಡಿ ಮುಂದಿನದನ್ನು ಕಳೆಯಲಿ: 321 − 654 + 345 − 12 = 0. ಅಂದರೆ 1001ರಿಂದ, ಹಾಗಾಗಿ 7, 11, 13ರಿಂದಲೂ ಭಾಗವಾಗುತ್ತದೆ. ಮೂರನೆಯ ಗುಂಪು ಅವೇ ತುಂಡುಗಳನ್ನು ಬರೀ ಕೂಡಲಿ: 1332, ಅಂದರೆ 37 × 36. 999 ಎಂಬುದು 37ರ ಅಪವರ್ತ್ಯವಾದ್ದರಿಂದ ಮೂಲ ಸಂಖ್ಯೆಯೂ 37ರಿಂದ ಭಾಗವಾಗುತ್ತದೆ. ಒಂದು ಎಚ್ಚರಿಕೆ: ಲಕ್ಷ, ಕೋಟಿಯ ಅಲ್ಪವಿರಾಮ ಹಾಕಿದರೆ ಮೂರರ ತುಂಡು ತಪ್ಪುತ್ತದೆ.

ಕೊನೆಗೆ ಇದು 111111ರ ವರ್ಗವೆಂದು ತೋರಿಸಿ. 111111 = 111 × 1001 = 3 × 7 × 11 × 13 × 37. ವರ್ಗದಲ್ಲಿ ಪ್ರತಿ ಅವಿಭಾಜ್ಯವೂ ಎರಡು ಸಲ ಬರುತ್ತದೆ. ಒಂದು ಅಪವರ್ತನ ಕಟ್ಟುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ಅಥವಾ ಎರಡು ಸಲ ತೆಗೆದುಕೊಳ್ಳಬಹುದು. ಹೀಗೆ ಒಟ್ಟು ಅಪವರ್ತನಗಳು 3 × 3 × 3 × 3 × 3 = 243. ಒಂದೊಂದಾಗಿ ಹುಡುಕದೆಯೇ ಎಣಿಸಿದೆವು.

ಎಲ್ಲ ದೊಡ್ಡ ಸಂಖ್ಯೆಗಳೂ ಹೀಗೆ ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. 1977ರಲ್ಲಿ ಸವಾಲಾಗಿ ಪ್ರಕಟವಾದ 129 ಅಂಕಿಯ ಒಂದು ಸಂಯುಕ್ತ ಸಂಖ್ಯೆಯ ಅಪವರ್ತನಗಳು ಸಿಕ್ಕಿದ್ದು 1994ರಲ್ಲಿ. ಆ ಕಷ್ಟವೇ ಗುಪ್ತಲಿಪಿಗೆ ಬೀಗವಾಗಿದೆ.

40 ನಿಮಿಷ ಸಾಲದು ಎಂಬ ಆಕ್ಷೇಪ ನ್ಯಾಯವಾದದ್ದು. ಎರಡು ಅವಧಿ ಕೊಡಿ, ಇಲ್ಲವೇ 111111ಕ್ಕೇ ನಿಲ್ಲಿಸಿ. ಪ್ರಶಿಕ್ಷಣಾರ್ಥಿಗಳೇ, ಹಿಂದಿನ ರಾತ್ರಿ ನೀವೇ ಒಮ್ಮೆ ಮಾಡಿ ನೋಡಿಕೊಂಡು ಹೋಗಿ. ವೀಕ್ಷಕ ಮಿತ್ರರೇ, ಲೆಕ್ಕದ ನಡುವೆ ತರಗತಿ ತಡವರಿಸಿದರೆ ಅಂಕ ಕಳೆಯುವ ಮೊದಲು ಎರಡು ನಿಮಿಷ ಕಾಯಿರಿ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಸಿಗುವುದು ಆ ಎರಡು ನಿಮಿಷಗಳಲ್ಲೇ.